ಆರು ಸಿಲಿಂಡರ್ ಕಾರು ಎಂಜಿನ್ನಿಗೆ ಸೂಪರ್‌ಚಾರ್ಜರ್: ಆಯ್ಕೆ ಮತ್ತು ಜೋಡಣೆ

ವ್ಯಾಖ್ಯೆ ಮತ್ತು ಪರಿಭಾಷೆ

ಸೂಪರ್‌ಚಾರ್ಜರ್ ಎಂಬುದು ಅಂತರ್ದಹನ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನಿಂದ ಬೆಲ್ಟ್, ಗಿಯರ್ ಅಥವಾ ಸರಪಳಿಯ ಮೂಲಕ ಶಕ್ತಿ ಪಡೆದು, ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬುವ ಸಂಪೀಡಕ. ಇದೇ ಕೆಲಸವನ್ನು ಹೊಗೆಯ ಶಕ್ತಿಯಿಂದ ತಿರುಗುವ ಟರ್ಬೈನಿನ ಸಹಾಯದಿಂದ ಮಾಡುವ ಸಾಧನ ಟರ್ಬೊಚಾರ್ಜರ್. ಈ ಲೇಖನದಲ್ಲಿ ಬೂಸ್ಟ್ ಎಂದರೆ ಮ್ಯಾನಿಫೋಲ್ಡಿನಲ್ಲಿ ಹೊರಗಿನ ಗಾಳಿಗಿಂತ ಹೆಚ್ಚಾಗಿರುವ ಒತ್ತಡ. ಅದನ್ನು ಬಾರ್‌ನಲ್ಲಿ ಹೇಳಲಾಗಿದೆ. ಒತ್ತಡ ಅನುಪಾತವೆಂದರೆ ಸಂಪೀಡಕದಿಂದ ಹೊರಬೀಳುವ ಗಾಳಿಯ ಒಟ್ಟು ಒತ್ತಡವನ್ನು ಒಳಹೋಗುವ ಗಾಳಿಯ ಒಟ್ಟು ಒತ್ತಡದಿಂದ ಭಾಗಿಸಿದ ಸಂಖ್ಯೆ. ಸಂಪೀಡನ ಅನುಪಾತ ಎಂಬುದು ಸಿಲಿಂಡರಿನೊಳಗೆ ಪಿಸ್ಟನ್ ಮಾಡುವ ಸಂಪೀಡನಕ್ಕೆ ಸಂಬಂಧಿಸಿದ್ದು. ಎರಡನ್ನೂ ಒಂದೆಂದು ತಿಳಿಯಬಾರದು. ಕಿಡಿಯ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿ ಸಿಡಿಯುವುದಕ್ಕೆ ನಾಕಿಂಗ್ ಎನ್ನುತ್ತಾರೆ. ಸೂಪರ್‌ಚಾರ್ಜರ್ ಹಾಕಿದ ಪೆಟ್ರೋಲ್ ಎಂಜಿನ್ ಎಷ್ಟು ಬೂಸ್ಟ್ ತಾಳಬಲ್ಲದು ಎಂಬುದನ್ನು ಎಲ್ಲಕ್ಕಿಂತ ಮೊದಲು ನಿರ್ಧರಿಸುವುದು ಈ ನಾಕಿಂಗ್.

ಮೂಲ ಮತ್ತು ಇತಿಹಾಸ

ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ಲಿನ ರೂಟ್ಸ್ ಸೋದರರು 1860ರಲ್ಲಿ ಎರಡು ರೋಟರುಗಳ ಗಾಳಿಯಂತ್ರಕ್ಕೆ ಪೇಟೆಂಟ್ ಪಡೆದಾಗ ಕಾರು ಇನ್ನೂ ಹುಟ್ಟಿರಲಿಲ್ಲ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯೋಚನೆ 1885ರ ಗಾಟ್‌ಲೀಬ್ ಡೈಮ್ಲರ್ ಪೇಟೆಂಟಿನಲ್ಲಿದೆ. ಹೊಗೆಯ ಟರ್ಬೈನನ್ನು ಬಳಸುವ ಆಲ್ಫ್ರೆಡ್ ಬ್ಯೂಶಿಯ ಪೇಟೆಂಟ್ 1905ರದು. ಕಾರಿನ ವಿಷಯಕ್ಕೆ ಬಂದರೆ ಸೂಪರ್‌ಚಾರ್ಜರಿಗೂ ಆರು ಸಿಲಿಂಡರಿಗೂ ನಂಟು ಮೊದಲಿನಿಂದಲೇ ಇದೆ. 1908ರಲ್ಲಿ ಅಮೆರಿಕದ ಚ್ಯಾಡ್ವಿಕ್ ಕಂಪನಿಯ ಆರು ಸಿಲಿಂಡರ್ ರೇಸ್ ಕಾರು ಅಪಕೇಂದ್ರ ಸೂಪರ್‌ಚಾರ್ಜರ್ ಹೊತ್ತು ಪೆನ್ಸಿಲ್ವೇನಿಯದ ಗುಡ್ಡ ಹತ್ತುವ ಸ್ಪರ್ಧೆಯಲ್ಲಿ ಗೆದ್ದಿತು. ಈ ಸಾಧನ ಮೊದಲು ತನ್ನ ಬೆಲೆ ತೋರಿಸಿದ್ದು ಏರುದಾರಿಯಲ್ಲಿ ಎಂಬುದನ್ನು ಗಮನಿಸಬೇಕು. ಮೊದಲ ಮಹಾಯುದ್ಧದ ವಿಮಾನ ಎಂಜಿನ್ನುಗಳ ಅನುಭವದಿಂದ ಡೈಮ್ಲರ್ ಕಂಪನಿ 1921ರ ಬರ್ಲಿನ್ ಪ್ರದರ್ಶನದಲ್ಲಿ ಸೂಪರ್‌ಚಾರ್ಜರ್ ಇರುವ ಮರ್ಸಿಡಿಸ್ ಕಾರುಗಳನ್ನು ಮುಂದಿಟ್ಟಿತು. 1928ರ ಎಸ್‌ಎಸ್‌ಕೆ ಮಾದರಿಯಲ್ಲಿ 7.1 ಲೀಟರಿನ ಆರು ಸಿಲಿಂಡರ್ ಎಂಜಿನ್ ಬ್ಲೋವರ್ (ಅಂದರೆ ಸೂಪರ್‌ಚಾರ್ಜರ್) ಇಲ್ಲದೆ 170, ಬ್ಲೋವರ್ ಕೂಡಿದಾಗ 225 ಅಶ್ವಶಕ್ತಿ ಕೊಡುತ್ತಿತ್ತು. ಪೆಡಲನ್ನು ಪೂರ್ತಿ ತುಳಿದಾಗ ಮಾತ್ರ ಕ್ಲಚ್ ಕೂಡಿ ಬ್ಲೋವರ್ ತಿರುಗುವ ಈ ಏರ್ಪಾಟು ಅಲ್ಪಾವಧಿಯ ಬಳಕೆಗೆ ಮೀಸಲಾಗಿತ್ತು. ನಿರಂತರ ಬೂಸ್ಟನ್ನು ಆ ಎಂಜಿನ್ ತಾಳುತ್ತಿರಲಿಲ್ಲ. ಇಟಲಿಯ ಆಲ್ಫಾ ರೋಮಿಯೊ 6ಸಿ 1750, ಅಮೆರಿಕದ ಗ್ರಹಾಂ ಕಂಪನಿ 1936ರಿಂದ ಮಾರಿದ ಆರು ಸಿಲಿಂಡರ್ ಕಾರುಗಳು ಇದೇ ಸಾಲಿನವು.

ಕೆಲಸದ ತತ್ವ

ಎಂಜಿನ್ನಿನ ಶಕ್ತಿ ಅದು ಒಳಗೆಳೆದುಕೊಳ್ಳುವ ಗಾಳಿಯ ತೂಕವನ್ನು ಅವಲಂಬಿಸಿದೆ. ಒತ್ತಡ ಹೆಚ್ಚಿದಷ್ಟೂ ತೂಕ ಹೆಚ್ಚುತ್ತದೆ; ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಹಿಗ್ಗಿ ಆ ಲಾಭದ ಒಂದು ಪಾಲನ್ನು ಕಸಿಯುತ್ತದೆ. ಬೂಸ್ಟ್ ಮೀಟರು ತೋರಿಸುವ ಸಂಖ್ಯೆಯಲ್ಲಿ ಈ ನಷ್ಟ ಕಾಣುವುದಿಲ್ಲ. ಮೀಟರಿನ ಮುಳ್ಳನ್ನೇ ಗುರಿಯಾಗಿಟ್ಟು ಸೂಪರ್‌ಚಾರ್ಜರ್ ಕೊಳ್ಳುವವರು ತಪ್ಪುವುದು ಇಲ್ಲಿಯೇ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಒತ್ತಡ ಸುಮಾರು 0.926 ಬಾರ್. ಸಮುದ್ರಮಟ್ಟದಲ್ಲಿ ಅದು 1.013 ಬಾರ್. ಅಂದರೆ ಸಮುದ್ರದಂಚಿನ ಪಣಜಿಯಲ್ಲಿ ಓಡುವ ಕಾರು, ತಾಪ ಅಷ್ಟೇ ಇದ್ದರೂ, ಬೆಳಗಾವಿಯ ಸದಾಶಿವನಗರ ಬಡಾವಣೆಯ ರಸ್ತೆಗೆ ಬರುವಷ್ಟರಲ್ಲಿ ಶೇ 8ಕ್ಕೂ ಮೇಲ್ಪಟ್ಟು ಗಾಳಿಯನ್ನು ಕಳೆದುಕೊಂಡಿರುತ್ತದೆ. ಇಲ್ಲಿ 0.4 ಬಾರ್ ಬೂಸ್ಟ್ ಬೇಕೆಂದರೆ ಒತ್ತಡ ಅನುಪಾತ 1.43 ಆಗಬೇಕು, ಪಣಜಿಯಲ್ಲಿ ಅದೇ ಬೂಸ್ಟಿಗೆ 1.395 ಸಾಕು. ಎತ್ತರದ ಊರಿನಲ್ಲಿ ಒಂದೇ ಬೂಸ್ಟಿಗೆ ಸಂಪೀಡಕ ಹೆಚ್ಚು ದುಡಿಯುತ್ತದೆ, ಗಾಳಿಯನ್ನು ಹೆಚ್ಚು ಬಿಸಿ ಮಾಡುತ್ತದೆ. ಹೊರಗೆ 30 ಡಿಗ್ರಿ ಇದ್ದು ಸಂಪೀಡಕದ ದಕ್ಷತೆ ಶೇ 60 ಇದ್ದರೆ ಹೊರಬೀಳುವ ಗಾಳಿ ಸುಮಾರು 85 ಡಿಗ್ರಿ ಮುಟ್ಟುತ್ತದೆ. ದಕ್ಷತೆ ಶೇ 75 ಇದ್ದರೆ ಸುಮಾರು 74 ಡಿಗ್ರಿ. 85 ಡಿಗ್ರಿಯ ಗಾಳಿಯನ್ನು ಹಾಗೇ ಸಿಲಿಂಡರಿಗೆ ಬಿಟ್ಟರೆ ಗಾಳಿಯ ತೂಕ ಶೇ 21ರಷ್ಟು ಮಾತ್ರ ಹೆಚ್ಚುತ್ತದೆ. ಇಂಟರ್‌ಕೂಲರಿನಿಂದ ಅದನ್ನು 45 ಡಿಗ್ರಿಗೆ ಇಳಿಸಿದರೆ ಹೆಚ್ಚಳ ಶೇ 36ರ ಹತ್ತಿರ ಬರುತ್ತದೆ. ಎರಡೂ ಸಂದರ್ಭದಲ್ಲಿ ಬೂಸ್ಟ್ ಮೀಟರು ತೋರಿಸುವುದು 0.4 ಬಾರ್ ಅನ್ನೇ. ಬೂಸ್ಟ್ ಹೆಚ್ಚಿಸದೆಯೇ, ತಾಪ ಇಳಿಸಿದ ಮಾತ್ರಕ್ಕೆ ಮೂಲ ತೂಕದ ಶೇ 15ರಷ್ಟು ಹೆಚ್ಚುವರಿ ಗಾಳಿ ಸಿಕ್ಕಿದೆ, ಜೊತೆಗೆ ನಾಕಿಂಗಿನ ಅಪಾಯ ತಗ್ಗಿದೆ.

ಬಗೆಗಳು

ಕಾರುಗಳಲ್ಲಿ ಬಳಕೆಯಾಗುವ ಸೂಪರ್‌ಚಾರ್ಜರುಗಳು ಮುಖ್ಯವಾಗಿ ಮೂರು ಬಗೆಯವು. ರೂಟ್ಸ್ ಬಗೆಯಲ್ಲಿ ಒಂದಕ್ಕೊಂದು ಹೆಣೆದು ತಿರುಗುವ ಎರಡು ರೋಟರುಗಳು ಗಾಳಿಯನ್ನು ಕವಚದ ಗೋಡೆಗುಂಟ ಸಾಗಿಸಿ ಮ್ಯಾನಿಫೋಲ್ಡಿಗೆ ದೂಡುತ್ತವೆ. ನಿಜವಾದ ಸಂಪೀಡನ ನಡೆಯುವುದು ಹೊರಗೆ, ಮ್ಯಾನಿಫೋಲ್ಡಿನಲ್ಲಿ. ಈ ಕಾರಣಕ್ಕೆ ಹಳೆಯ ಮಾದರಿಗಳ ದಕ್ಷತೆ ಕಡಿಮೆ. ನಾಲ್ಕು ಹಾಲೆಗಳ, ಹೆಚ್ಚು ತಿರುಚಿದ ರೋಟರುಗಳ ಈಟನ್ ಟಿವಿಎಸ್ ಮಾದರಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ. ಸ್ವೀಡನ್ನಿನ ಆಲ್ಫ್ ಲೈಸ್‌ಹೋಮ್ ರೂಪಿಸಿದ ಜೋಡಿ ತಿರುಪಿನ ಬಗೆಯಲ್ಲಿ ಗಾಳಿ ರೋಟರುಗಳ ನಡುವೆಯೇ ಕುಗ್ಗುತ್ತದೆ. ದಕ್ಷತೆ ಹೆಚ್ಚು, ಬೆಲೆಯೂ ಹೆಚ್ಚು. ಈ ಎರಡೂ ಪ್ರತಿ ಸುತ್ತಿಗೆ ನಿಗದಿತ ಗಾತ್ರದ ಗಾಳಿಯನ್ನು ದಾಟಿಸುವಂಥವು. ಆದ್ದರಿಂದ ಎಂಜಿನ್ ನಿಧಾನವಾಗಿ ತಿರುಗುವಾಗಲೂ ಬಹುತೇಕ ಪೂರ್ತಿ ಬೂಸ್ಟ್ ಸಿಗುತ್ತದೆ.

ಮೂರನೆಯ ಬಗೆಯಾದ ಅಪಕೇಂದ್ರ ಸೂಪರ್‌ಚಾರ್ಜರಿನಲ್ಲಿ ವೇಗವಾಗಿ ತಿರುಗುವ ಒಂದು ಚಕ್ರ ಗಾಳಿಯನ್ನು ಹೊರಕ್ಕೆ ಎರಚುತ್ತದೆ. ಇದು ಹಗುರ, ದಕ್ಷ; ಎಂಜಿನ್ನಿನ ಮುಂಭಾಗಕ್ಕೆ ಸುಲಭವಾಗಿ ಕೂರುತ್ತದೆ. ಆದರೆ ಇದರ ಬೂಸ್ಟ್ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ 0.4 ಬಾರ್ ಕೊಡುವ ಅಪಕೇಂದ್ರ ಸಾಧನ 2,500 ಸುತ್ತಿನಲ್ಲಿ ಕೊಡುವುದು ಸುಮಾರು 0.07 ಬಾರ್, ಅದು ಬೆಳಗಾವಿಯ ಎತ್ತರದ ನಷ್ಟವನ್ನೂ ಪೂರ್ತಿ ತುಂಬದು.

ಆರು ಸಿಲಿಂಡರ್ ಎಂಜಿನ್ನಿನ ವಿಶೇಷ

ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನ್ನಿನಲ್ಲಿ ಪಿಸ್ಟನ್ನುಗಳ ಪ್ರಥಮ ಮತ್ತು ದ್ವಿತೀಯ ದರ್ಜೆಯ ಕಂಪನಬಲಗಳು ತಾವೇ ತಾವಾಗಿ ರದ್ದಾಗುತ್ತವೆ. ಕ್ರ್ಯಾಂಕಿನ ಪ್ರತಿ 120 ಡಿಗ್ರಿಗೊಮ್ಮೆ ಒಂದು ಸಿಲಿಂಡರ್ ಹೊತ್ತುತ್ತದೆ. ಈ ನಯವೇ ಇದರ ಹೆಗ್ಗಳಿಕೆ. ಆದರೆ ಇದರ ಕ್ರ್ಯಾಂಕ್‌ಶಾಫ್ಟ್ ಉದ್ದ. ಪ್ರತಿ ದಹನದ ಪೆಟ್ಟಿಗೂ ಅದು ಸೂಕ್ಷ್ಮವಾಗಿ ತಿರುಚಿಕೊಂಡು ಮರಳುತ್ತದೆ. ಈ ತಿರುಚುವ ಕಂಪನವನ್ನು ನುಂಗಲು ಕ್ರ್ಯಾಂಕಿನ ಮುಂತುದಿಯಲ್ಲಿ ರಬ್ಬರ್ ಪದರವಿರುವ ಡ್ಯಾಂಪರ್ ಪುಲಿ ಇರುತ್ತದೆ. ಸೂಪರ್‌ಚಾರ್ಜರಿನ ಬೆಲ್ಟಿಗೆ ಜಾಗ ಬೇಕಾಗುವುದೂ ಅದೇ ತುದಿಯಲ್ಲಿ. ಡ್ಯಾಂಪರನ್ನು ತೆಗೆದು ಗಟ್ಟಿ ಅಲ್ಯೂಮಿನಿಯಂ ಪುಲಿ ಹಾಕಿದರೆ ಕೆಲಸ ಹಗುರವಾಗುತ್ತದೆ, ಆದರೆ ಕ್ರ್ಯಾಂಕಿಗೂ ಅಲ್ಲಿಂದ ತಿರುಗುವ ಆಯಿಲ್ ಪಂಪಿಗೂ ಹಾನಿ ತಪ್ಪದು. ಡ್ಯಾಂಪರ್ ಉಳಿಸಿಕೊಂಡು ಅದರ ಹಬ್ಬಿನ ಮೇಲೆಯೇ ಹೆಚ್ಚುವರಿ ಪುಲಿಯನ್ನು ಬೋಲ್ಟ್ ಮಾಡುವುದು ಸರಿಯಾದ ಕ್ರಮ. ಆಗಲೂ ಬೆಲ್ಟಿನ ಎಳೆತ ಮೊದಲ ಮೇನ್ ಬೇರಿಂಗಿನ ಮೇಲೆ ಬೀಳುವುದರಿಂದ ಪುಲಿ ಬ್ಲಾಕಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು.

ವಿ ಆಕಾರದ ಆರು ಸಿಲಿಂಡರ್ ಎಂಜಿನ್ ಗಿಡ್ಡ, ಅದರ ಕ್ರ್ಯಾಂಕ್ ಹೆಚ್ಚು ಬಿಗಿ. ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ ರೂಟ್ಸ್ ಅಥವಾ ತಿರುಪಿನ ಸೂಪರ್‌ಚಾರ್ಜರ್ ನೇರವಾಗಿ ಕೂರುತ್ತದೆ, ಗಾಳಿಯ ದಾರಿ ಗಿಡ್ಡದಾಗುತ್ತದೆ. ಕಾರ್ಖಾನೆಯಿಂದಲೇ ಸೂಪರ್‌ಚಾರ್ಜರ್ ಹೊತ್ತು ಬಂದ ಇತ್ತೀಚಿನ ಆರು ಸಿಲಿಂಡರ್ ಎಂಜಿನ್ನುಗಳಲ್ಲಿ ಹೆಚ್ಚಿನವು ಈ ಆಕಾರದವಾಗಿರಲು ಇದೇ ಕಾರಣ. ಸಾಲು ಎಂಜಿನ್ನಿನಲ್ಲಿ ಸೂಪರ್‌ಚಾರ್ಜರನ್ನು ಪಕ್ಕಕ್ಕೆ ಜೋತುಹಾಕಬೇಕು, ಉದ್ದ ಮ್ಯಾನಿಫೋಲ್ಡ್ ಬೇಕು. ಅದರ ತುದಿಯ ಸಿಲಿಂಡರಿಗೆ ಗಾಳಿ ಹೆಚ್ಚುಕಡಿಮೆಯಾಗಬಹುದು. ತಣ್ಣೀರಿನ ಹರಿವು ಕೊನೆಗೆ ತಲುಪುವ ಹಿಂಬದಿಯ ಸಿಲಿಂಡರ್ ಉಳಿದವುಗಳಿಗಿಂತ ಬಿಸಿಯಾಗಿಯೂ ಇರಬಹುದು. ಆರು ಸಿಲಿಂಡರುಗಳ ಪೈಕಿ ಅತ್ಯಂತ ಬಿಸಿಯಾದದ್ದು ಎಷ್ಟು ಬೂಸ್ಟ್ ತಾಳುತ್ತದೋ ಅದೇ ಇಡೀ ಎಂಜಿನ್ನಿನ ಮಿತಿ.

ಬೆಳಗಾವಿ ಮತ್ತು ಖಾನಾಪುರದ ಪರಿಸರ

ಈ ಭಾಗದ ರಸ್ತೆ ಎಂಜಿನ್ನಿನಿಂದ ಏನು ಕೇಳುತ್ತದೆ ಎಂಬುದು ಆಯ್ಕೆಯ ಮೊದಲ ಪ್ರಶ್ನೆಯಾಗಬೇಕು. ಸದಾಶಿವನಗರದಂಥ ಬಡಾವಣೆಯಿಂದ ಹೊರಟ ಕಾರು ನಗರದೊಳಗೆ 1,500ರಿಂದ 2,500 ಸುತ್ತಿನಲ್ಲಿ ತೆವಳುತ್ತದೆ. ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಾಟಿಗೆ ಹೋದರೂ ಖಾನಾಪುರ, ಲೋಂಡಾಗಳ ಮೂಲಕ ಅನಮೋಡ ಘಾಟಿಗೆ ಹೋದರೂ, ಗೋವೆಯಿಂದ ಮರಳುವಾಗ ಸಮುದ್ರಮಟ್ಟದ ಹತ್ತಿರದಿಂದ ಸಹ್ಯಾದ್ರಿಯ ನೆತ್ತಿಗೆ ತಿರುವುಗಳಲ್ಲಿ ಏರಬೇಕು. ಶೇ 6ರ ಏರಿನಲ್ಲಿ 1,800 ಕಿಲೊ ತೂಕದ ಕಾರನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎಳೆಯಲು ಗುರುತ್ವದ ವಿರುದ್ಧ ಬೇಕಾಗುವುದು ಸುಮಾರು 15 ಕಿಲೊವ್ಯಾಟ್. ಗಾಳಿ, ಟೈರುಗಳ ಪ್ರತಿರೋಧ ಸೇರಿಸಿದರೆ 20ರ ಆಸುಪಾಸು. ಮೂರು ಲೀಟರಿನ ಯಾವ ಎಂಜಿನ್ನಿಗೂ ಇದು ಭಾರವಲ್ಲ. ಕಷ್ಟವಾಗುವುದು ತಿರುವಿನಿಂದ ಹೊರಬರುವಾಗ, ಎದುರಿನ ಲಾರಿಯನ್ನು ಚಿಕ್ಕ ನೇರದಾರಿಯಲ್ಲಿ ದಾಟುವಾಗ. ಅಲ್ಲಿ ಎಂಜಿನ್ 2,000ದಿಂದ 3,500 ಸುತ್ತಿನ ನಡುವೆ ಇರುತ್ತದೆ, ಕೆಲವು ಕ್ಷಣ ಹೆಚ್ಚಿನ ಟಾರ್ಕ್ ಬೇಕಾಗುತ್ತದೆ. 6,000 ಸುತ್ತಿನ ಗರಿಷ್ಠ ಅಶ್ವಶಕ್ತಿಗೆ ಈ ದಾರಿಯಲ್ಲಿ ಬಳಕೆ ಬಹಳ ಕಡಿಮೆ.

ತಾಪದ ಲೆಕ್ಕವೂ ಇಲ್ಲಿ ಬೇರೆ. ಘಾಟಿಯಲ್ಲಿ ವೇಗ ಕಡಿಮೆ, ಮುಂದಿನ ರೇಡಿಯೇಟರಿಗೆ ಬಡಿಯುವ ಗಾಳಿಯೂ ಕಡಿಮೆ. ಆದರೆ ತಿರುವಿನಿಂದ ತಿರುವಿಗೆ ಬೂಸ್ಟ್ ಮತ್ತೆ ಮತ್ತೆ ಬರುತ್ತದೆ. ಕೆಲವೇ ಸೆಕೆಂಡುಗಳ ನೇರ ಓಟದ ಪಂದ್ಯಕ್ಕೆ ಸಾಕಾಗುವ ಇಂಟರ್‌ಕೂಲರ್ ಇಂಥ ಏರಿನ ನಡುವೆಯೇ ಬಿಸಿಯಾಗಿ ಕೈಚೆಲ್ಲುತ್ತದೆ. ಮಳೆಗಾಲದ ಮಾತು ಇನ್ನೊಂದು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ರಾಜ್ಯದಲ್ಲೇ ಭಾರಿ ಎನಿಸುವ ಮಳೆ ಬೀಳುತ್ತದೆ. ತಣ್ಣನೆಯ ಗಾಳಿಗೆಂದು ಬಂಪರಿನ ಕೆಳಗೆ ಇಳಿಸಿದ ಗಾಳಿ ಕೊಳವೆ ರಸ್ತೆಯ ನೀರನ್ನು ಹೀರಿದರೆ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಬೇಸಿಗೆಯಲ್ಲಿ ಅದೇ ದಾರಿಯ ಕೆಂಪು ಮುರಕಲ್ಲಿನ ಧೂಳು ರೋಟರಿನ ಲೇಪವನ್ನು ಗೀರುತ್ತದೆ. ಇಲ್ಲಿಗೆ ಮೇಲ್ಮೈ ಹೆಚ್ಚಿರುವ ಕಾಗದದ ಫಿಲ್ಟರೇ ಸೂಕ್ತ.

ಇಂಧನದ ಮಟ್ಟಿಗೆ ಮಾತ್ರ ಕಾಲ ಅನುಕೂಲವಾಗಿ ತಿರುಗಿದೆ. ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಎಥನಾಲ್ ತಯಾರಿಸುತ್ತವೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಈಗ ದೇಶದ ಬಹುತೇಕ ಬಂಕುಗಳಲ್ಲಿದೆ. ಭಾರತೀಯ ಮಾನಕದಂತೆ ಅದರ ಸಂಶೋಧನಾ ಆಕ್ಟೇನ್ ಸಂಖ್ಯೆ ಕನಿಷ್ಠ 95, ಹಿಂದಿನ ಸಾಮಾನ್ಯ ಪೆಟ್ರೋಲಿನದು 91. ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ತಾಪವನ್ನು ಹೀರುತ್ತದೆ. ಈ ಎರಡೂ ಗುಣಗಳು ನಾಕಿಂಗನ್ನು ಹಿಂದಕ್ಕೆ ತಳ್ಳುತ್ತವೆ. ಇದಕ್ಕೆ ಪ್ರತಿಯಾಗಿ ಇಂಧನ ಹೆಚ್ಚು ಸುರಿಯಬೇಕು, ಹಳೆಯ ಕಾರುಗಳ ರಬ್ಬರ್ ಕೊಳವೆ ಮತ್ತು ಸೀಲುಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಿಸಬೇಕು. ಭಾರತದಲ್ಲಿ ಮಾರಾಟವಾದ ಹೋಂಡಾ ಅಕಾರ್ಡ್ ವಿ6, ನಿಸ್ಸಾನ್ ಟಿಯಾನಾ, ಸ್ಕೋಡಾ ಸೂಪರ್ಬ್ ವಿ6ಗಳಂಥ ಆರು ಸಿಲಿಂಡರ್ ಪೆಟ್ರೋಲ್ ಕಾರುಗಳು ಇ20ಕ್ಕಿಂತ ಮೊದಲಿನವು ಎಂಬುದನ್ನು ಮರೆಯುವಂತಿಲ್ಲ.

ಆಯ್ಕೆ

ಇಷ್ಟು ಸಾಕ್ಷ್ಯದಿಂದ ಹೊರಡುವ ತೀರ್ಮಾನ ಒಂದು: ರಸ್ತೆ ಕೇಳುವ ಎಂಜಿನ್ ವೇಗ ಮತ್ತು ಇಂಧನ ತಾಳುವ ತಾಪ, ಇವೆರಡರಿಂದ ಆಯ್ಕೆ ಆರಂಭವಾಗಬೇಕು, ಗರಿಷ್ಠ ಶಕ್ತಿ ಅವುಗಳ ಫಲವಾಗಿ ಬಂದಷ್ಟು ಬರಲಿ. ಹಾಗೆ ನೋಡಿದರೆ ಘಾಟಿಯ ರಸ್ತೆಗೆ 0.3ರಿಂದ 0.4 ಬಾರ್ ಬೂಸ್ಟಿನ, ನೀರಿನಿಂದ ತಣಿಯುವ ಇಂಟರ್‌ಕೂಲರ್ ಇರುವ ಟಿವಿಎಸ್ ಮಾದರಿಯ ರೂಟ್ಸ್ ಅಥವಾ ಜೋಡಿ ತಿರುಪಿನ ಸೂಪರ್‌ಚಾರ್ಜರ್ ಸರಿಹೊಂದುತ್ತದೆ. ರೇಸ್ ಟ್ರ್ಯಾಕಿನಲ್ಲಿ ಎಂಜಿನ್ ಸದಾ 4,500 ಸುತ್ತಿನ ಮೇಲೆಯೇ ಇರುವ ಕಾರಿಗೆ ಅಪಕೇಂದ್ರ ಬಗೆ ಉತ್ತಮ.

ಗಾತ್ರದ ಲೆಕ್ಕ ಹೀಗೆ. ಮೂರು ಲೀಟರಿನ ನಾಲ್ಕು ಹೊಡೆತದ ಎಂಜಿನ್ 6,000 ಸುತ್ತಿನಲ್ಲಿ ನಿಮಿಷಕ್ಕೆ 9,000 ಲೀಟರ್ ಜಾಗ ತೆರೆಯುತ್ತದೆ. ತುಂಬುವ ದಕ್ಷತೆ ಶೇ 85 ಎಂದರೆ 7,650 ಲೀಟರ್. 0.4 ಬಾರ್ ಬೂಸ್ಟಿನಲ್ಲಿ, 45 ಡಿಗ್ರಿಗೆ ತಣಿಸಿದ ಗಾಳಿ ತುಂಬಲು ಸೂಪರ್‌ಚಾರ್ಜರ್ ಹೊರಗಿನಿಂದ ನಿಮಿಷಕ್ಕೆ ಸುಮಾರು 10,400 ಲೀಟರ್ ಎಳೆದುಕೊಳ್ಳಬೇಕು. ಸುತ್ತಿಗೆ 1.5 ಲೀಟರ್ ದಾಟಿಸುವ, ಶೇ 90 ತುಂಬುವ ದಕ್ಷತೆಯ ಬ್ಲೋವರಿಗೆ ಇದು ಸುಮಾರು 7,700 ಸುತ್ತು, ಅಂದರೆ ಕ್ರ್ಯಾಂಕಿನ 1.29 ಪಟ್ಟು. ಕ್ರ್ಯಾಂಕ್ ಪುಲಿ 150 ಮಿಲಿಮೀಟರ್ ಇದ್ದರೆ ಬ್ಲೋವರ್ ಪುಲಿ 116 ಮಿಲಿಮೀಟರ್ ಇರಬೇಕು. ಸಂಪೀಡನದ ದಕ್ಷತೆ ಶೇ 60 ಎಂದಿಟ್ಟುಕೊಂಡರೂ ಇದನ್ನು ತಿರುಗಿಸಲು ಗರಿಷ್ಠ ವೇಗದಲ್ಲಿ ಎಂಜಿನ್ ತೆರುವ ಶಕ್ತಿ ಹತ್ತು ಹನ್ನೊಂದು ಕಿಲೊವ್ಯಾಟ್. ಚಿಕ್ಕ ಬ್ಲೋವರನ್ನು ಇನ್ನಷ್ಟು ವೇಗವಾಗಿ ತಿರುಗಿಸಿ ಇದೇ ಗಾಳಿ ಪಡೆಯಬಹುದು. ಆದರೆ ಆಗ ತಾಪವೂ ಬೆಲ್ಟಿನ ಸವೆತವೂ ಏರುತ್ತವೆ.

ಇಷ್ಟು ಮಿತವಾದ ಬೂಸ್ಟಿಗೆ ಇಷ್ಟೊಂದು ಖರ್ಚು ಏಕೆ ಎಂಬ ಆಕ್ಷೇಪವುಂಟು. ಕಾರ್ಖಾನೆಗಳ ದಾಖಲೆಯೇ ಇದಕ್ಕೆ ಉತ್ತರ. ಜನರಲ್ ಮೋಟಾರ್ಸ್‌ನ 3.8 ಲೀಟರ್ ವಿ6, 1990ರ ದಶಕದ ಎರಡನೆಯ ಸರಣಿಯಲ್ಲಿ, ಸೂಪರ್‌ಚಾರ್ಜರ್ ಇಲ್ಲದೆ 205 ಅಶ್ವಶಕ್ತಿ ಕೊಡುತ್ತಿತ್ತು. ಈಟನ್ ಎಂ90 ಕೂಡಿದಾಗ 240. ಶಕ್ತಿಯ ಹೆಚ್ಚಳ ಶೇ 17 ಮಾತ್ರ, ಆದರೆ ಟಾರ್ಕ್ ಸುಮಾರು 312ರಿಂದ 380 ನ್ಯೂಟನ್ ಮೀಟರಿಗೆ, ಅಂದರೆ ಶೇ 22ರಷ್ಟು ಏರಿತು. ಅದಕ್ಕೂ ಕಂಪನಿ ಸಂಪೀಡನ ಅನುಪಾತವನ್ನು 9.4ರಿಂದ 8.5ಕ್ಕೆ ಇಳಿಸಿತು. ಮರ್ಸಿಡಿಸ್ 2001ರಲ್ಲಿ ಸಿ32 ಎಎಂಜಿ ಕಾರಿನ 3.2 ಲೀಟರ್ ವಿ6ನಿಂದ 354 ಅಶ್ವಶಕ್ತಿ ಪಡೆಯಲು ತಿರುಪಿನ ಸೂಪರ್‌ಚಾರ್ಜರ್ ಮಾತ್ರ ಹಾಕಲಿಲ್ಲ. ಎಂಜಿನ್ನಿನ ಒಳಭಾಗಗಳನ್ನು ಬಲಪಡಿಸಿತು, ನೀರಿನ ಇಂಟರ್‌ಕೂಲರ್ ಕೂರಿಸಿತು. ಪ್ರಯೋಗಶಾಲೆಯೂ ಹಣವೂ ಇದ್ದ ತಯಾರಕರು ಇಷ್ಟು ಎಚ್ಚರದಿಂದ ನಡೆದಿರುವಾಗ, ಮೂಲ ಪಿಸ್ಟನ್ನುಗಳ ಮೇಲೆ ಅದಕ್ಕಿಂತ ಹೆಚ್ಚು ಹೇರುವುದಕ್ಕೆ ಆಧಾರವಿಲ್ಲ. ಸಂಪೀಡನ ಅನುಪಾತ ಇಳಿಸಿದರೆ ಮೈಲೇಜ್ ಹೋಗುತ್ತದೆ ಎಂಬ ಮಾತೂ ನಿಜ. ಆದರೆ ಇಳಿಸುವುದು ಯಾವಾಗಲೂ ಅನಿವಾರ್ಯವಲ್ಲ. ಔಡಿಯ 3.0 ಟಿಎಫ್‌ಎಸ್‌ಐ ಸಿಲಿಂಡರಿಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸಿ, ಬ್ಲೋವರಿನ ಕವಚದಲ್ಲೇ ಎರಡು ಇಂಟರ್‌ಕೂಲರ್ ಇಟ್ಟು, 10ಕ್ಕೂ ಮೇಲಿನ ಅನುಪಾತದಲ್ಲಿಯೇ 0.8 ಬಾರ್‌ವರೆಗಿನ ಬೂಸ್ಟನ್ನು ಸಾಧಿಸಿತು. ಬೂಸ್ಟಿಗೆ ದಾರಿ ಮಾಡಿಕೊಟ್ಟದ್ದು ಅಲ್ಲಿಯೂ ತಾಪದ ನಿಯಂತ್ರಣವೇ.

ಜೋಡಣೆ

ಜೋಡಣೆ ಶುರುವಾಗಬೇಕಾದದ್ದು ಎಂಜಿನ್ನಿನ ತಪಾಸಣೆಯಿಂದ. ಆರೂ ಸಿಲಿಂಡರುಗಳ ಕಂಪ್ರೆಷನ್ ಅಳತೆಯಲ್ಲಿ ಶೇ 10ಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ, ಹೆಡ್ ಗ್ಯಾಸ್ಕೆಟ್ ಸೋರುತ್ತಿದ್ದರೆ, ಬೇರಿಂಗ್ ಸದ್ದು ಮಾಡುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಸೂಪರ್‌ಚಾರ್ಜರ್ ಸುಸ್ಥಿತಿಯ ಎಂಜಿನ್ನಿಗೆ ಬಲ ಕೊಡುತ್ತದೆ, ಸವೆದ ಎಂಜಿನ್ನನ್ನು ಬೇಗ ಮುಗಿಸುತ್ತದೆ. ಎಂಜಿನ್ ಬಿಚ್ಚುವುದಾದರೆ ಮೇಲಿನ ಪಿಸ್ಟನ್ ರಿಂಗಿನ ಬಾಯಿಯ ಅಂತರವನ್ನು ಹೆಚ್ಚಿಸಬೇಕು. ಬೂಸ್ಟಿನ ತಾಪಕ್ಕೆ ರಿಂಗ್ ಹಿಗ್ಗಿ ಎರಡು ತುದಿಗಳು ಮುಟ್ಟಿದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚೇ ಒಡೆಯುತ್ತದೆ.

ಬ್ಲೋವರನ್ನು ಹಿಡಿಯುವ ಬ್ರಾಕೆಟ್ ಮತ್ತು ಮ್ಯಾನಿಫೋಲ್ಡಿಗೆ ಕೂರುವ ಅಡಾಪ್ಟರ್ ತಟ್ಟೆ ಇವು ಸ್ಥಳೀಯವಾಗಿ ಆಗಬಹುದಾದ ಕೆಲಸ. ಬೆಳಗಾವಿಯ ಉದ್ಯಮಬಾಗ್ ಮತ್ತು ಮಚ್ಛೆಯ ಫೌಂಡ್ರಿಗಳು, ಮಷಿನ್ ಶಾಪುಗಳು ಎರಕದಲ್ಲಿಯೂ ಕ್ರ್ಯಾಂಕ್‌ಶಾಫ್ಟಿನಂಥ ಭಾಗಗಳ ಕೆತ್ತನೆಯಲ್ಲಿಯೂ ಹೆಸರಾದವು. ಕೊಲ್ಲಾಪುರದ ಫೌಂಡ್ರಿಗಳೂ ದೂರವಿಲ್ಲ. ತೆಳ್ಳನೆಯ ತಗಡಿನಿಂದ ಬೆಸೆದ ಬ್ರಾಕೆಟ್ ಹೊರೆ ಬಿದ್ದಾಗ ಬಾಗುತ್ತದೆ, ಪುಲಿಗಳ ಸಾಲು ತಪ್ಪುತ್ತದೆ, ಬೆಲ್ಟ್ ಅಂಚು ಹರಿಯುತ್ತದೆ. ದಪ್ಪ ಅಲ್ಯೂಮಿನಿಯಂ ತಟ್ಟೆಯಿಂದ ಕೊರೆದ ಬ್ರಾಕೆಟ್ ದುಬಾರಿಯಾದರೂ ಬಾಳುತ್ತದೆ. ಬೆಲ್ಟ್ ಬ್ಲೋವರ್ ಪುಲಿಯ ಅರ್ಧ ಸುತ್ತನ್ನಾದರೂ ತಬ್ಬಿರಬೇಕು. ಇಲ್ಲವಾದರೆ ಮೊದಲ ಮಳೆಗೇ ಜಾರುತ್ತದೆ. ರೋಟರಿನ ಕೆಲಸ ಮಾತ್ರ ಇಲ್ಲಿ ಮಾಡಿಸುವಂಥದ್ದಲ್ಲ. ಅವುಗಳ ನಡುವಿನ ಸಂದು ಕೂದಲೆಳೆಯಷ್ಟು ಸಣ್ಣದು, ತಯಾರಕರಿಂದಲೇ ಕೊಳ್ಳಬೇಕು.

ಗಾಳಿಯ ದಾರಿಯಲ್ಲಿ ಮೊದಲು ಫಿಲ್ಟರ್, ಆಮೇಲೆ ಥ್ರಾಟಲ್, ಬ್ಲೋವರ್, ಇಂಟರ್‌ಕೂಲರ್, ಕೊನೆಗೆ ಮ್ಯಾನಿಫೋಲ್ಡ್ ಎಂಬ ಕ್ರಮ ರೂಟ್ಸ್ ಬಗೆಗೆ ಸಾಮಾನ್ಯ. ಬೂಸ್ಟ್ ಬೇಡವಾದಾಗ ಗಾಳಿಯನ್ನು ಬ್ಲೋವರಿನ ಹೊರಬಾಯಿಯಿಂದ ಒಳಬಾಯಿಗೆ ಮರಳಿಸುವ ಬೈಪಾಸ್ ವಾಲ್ವ್ ಕಡ್ಡಾಯ. ನಗರದ ತೆವಳುವ ಓಟದಲ್ಲಿ ಬ್ಲೋವರ್ ವ್ಯರ್ಥವಾಗಿ ಶಕ್ತಿ ತಿನ್ನದಂತೆ, ಗಾಳಿ ಬಿಸಿಯಾಗದಂತೆ ನೋಡಿಕೊಳ್ಳುವುದು ಇದೇ. ಹೆಚ್ಚಿನವರು ಕಡೆಗಣಿಸುವ ಇನ್ನೊಂದು ಅಂಶ ಬ್ರೇಕಿನದು. ಬ್ರೇಕ್ ಬೂಸ್ಟರಿನ ಕೊಳವೆ ಮ್ಯಾನಿಫೋಲ್ಡಿನ ನಿರ್ವಾತದಿಂದ ಕೆಲಸ ಮಾಡುತ್ತದೆ. ಅಲ್ಲೀಗ ಒತ್ತಡ ಬರುವುದರಿಂದ ಅದರ ಏಕಮುಖ ವಾಲ್ವ್ ಹೊಸದಿರಬೇಕು, ಭದ್ರವಾಗಿರಬೇಕು. ಕ್ರ್ಯಾಂಕ್‌ಕೇಸಿನ ಹೊಗೆ ಮರಳುವ ಕೊಳವೆಗೂ ಹಾಗೆಯೇ ಏಕಮುಖ ವಾಲ್ವ್ ಬೇಕು. ಇಲ್ಲದಿದ್ದರೆ ಬೂಸ್ಟ್ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲುಗಳನ್ನು ಹೊರದಬ್ಬುತ್ತದೆ.

ಇಂಧನದ ಲೆಕ್ಕ ಗಾಳಿಯ ಲೆಕ್ಕದಿಂದಲೇ ಹೊರಡುತ್ತದೆ. ಮೇಲಿನ ಉದಾಹರಣೆಯ ಎಂಜಿನ್ ಪೂರ್ತಿ ಬೂಸ್ಟಿನಲ್ಲಿ ಸೆಕೆಂಡಿಗೆ ಸುಮಾರು 0.185 ಕಿಲೊ ಗಾಳಿ ತಿನ್ನುತ್ತದೆ. ಇ20 ಪೆಟ್ರೋಲಿನಲ್ಲಿ ಗಾಳಿ ಇಂಧನದ ತೂಕದ ಅನುಪಾತ 11ಕ್ಕೆ 1 ಇಟ್ಟರೆ ಗಂಟೆಗೆ ಸುಮಾರು 60 ಕಿಲೊ ಇಂಧನ ಬೇಕು. ಆರು ಇಂಜೆಕ್ಟರುಗಳಿಗೆ ಹಂಚಿ, ಪ್ರತಿಯೊಂದೂ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರದಂತೆ ನೋಡಿದರೆ ನಿಮಿಷಕ್ಕೆ 280 ಸಿಸಿ ಸಾಮರ್ಥ್ಯದವು ಬೇಕಾಗುತ್ತವೆ. ಮಿಶ್ರಣವನ್ನು ಅಳೆಯಲು ಅಗಲ ವ್ಯಾಪ್ತಿಯ ಲ್ಯಾಂಬ್ಡಾ ಸೆನ್ಸರ್ ಬೇಕು. ಲ್ಯಾಂಬ್ಡಾ ಎಂದರೆ ಇರುವ ಗಾಳಿಯನ್ನು ಪೂರ್ಣ ದಹನಕ್ಕೆ ಬೇಕಾದ ಗಾಳಿಯಿಂದ ಭಾಗಿಸಿದ ಸಂಖ್ಯೆ. ಎಥನಾಲ್ ಪ್ರಮಾಣ ಬದಲಾದರೆ ತೂಕದ ಅನುಪಾತ ಬದಲಾಗುತ್ತದೆ, ಲ್ಯಾಂಬ್ಡಾದ ಗುರಿ ಬದಲಾಗದು. ಪೂರ್ತಿ ಹೊರೆಯಲ್ಲಿ ಅದು 0.80ರಿಂದ 0.85ರ ನಡುವೆ ಇರಬೇಕು. ವಾತಾವರಣದ ಒತ್ತಡದವರೆಗೆ ಮಾತ್ರ ಓದಬಲ್ಲ ಮೂಲ ಒತ್ತಡ ಸೆನ್ಸರನ್ನು ತೆಗೆದು 2 ಬಾರ್‌ವರೆಗೆ ಓದುವಂಥದನ್ನು ಹಾಕಬೇಕು. ಸ್ಪಾರ್ಕ್ ಪ್ಲಗ್ ಒಂದು ದರ್ಜೆ ತಣ್ಣಗಿನದಿರಲಿ, ಅದರ ಬಾಯಿ 0.7 ಮಿಲಿಮೀಟರಿನ ಹತ್ತಿರವಿರಲಿ.

ಕಿಡಿಯ ಸಮಯವನ್ನು ಹಿಂದೆ ಸರಿಸುತ್ತ ಹೊಂದಿಸುವಾಗ ಸೆನ್ಸರುಗಳ ಜೊತೆಗೆ ಕಣ್ಣೂ ಬೇಕು. ಪೂರ್ತಿ ಹೊರೆಯ ಓಟದ ನಂತರ ಆರೂ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಬೇಕು. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆಗಳಿದ್ದರೆ, ಬೆಳಕಿಗೆ ಹಿಡಿದಾಗ ಮಿನುಗುವ ಅಲ್ಯೂಮಿನಿಯಂ ಕಣಗಳು ಕಂಡರೆ, ಆ ಸಿಲಿಂಡರಿನಲ್ಲಿ ನಾಕಿಂಗ್ ನಡೆದಿದೆ, ಪಿಸ್ಟನ್ ಕರಗತೊಡಗಿದೆ. ಐದು ಪ್ಲಗ್ಗುಗಳು ಚೆನ್ನಾಗಿದ್ದು ಆರನೆಯದರಲ್ಲಿ ಮಾತ್ರ ಈ ಗುರುತು ಕಂಡರೂ ಬೂಸ್ಟನ್ನೋ ಕಿಡಿಯ ಮುಂಗಡವನ್ನೋ ಇಳಿಸಲೇಬೇಕು. ಅಂತಿಮ ಹೊಂದಾಣಿಕೆಯನ್ನು ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ, ಘಾಟಿಯ ಬುಡದ ತಗ್ಗಿನಲ್ಲಿ ಪರಿಶೀಲಿಸಬೇಕು. ಪುಲಿ ಅದೇ ಇದ್ದರೂ ಸಮುದ್ರಮಟ್ಟದ ದಟ್ಟ ಗಾಳಿಯಲ್ಲಿ ಬೂಸ್ಟ್ ಹೆಚ್ಚಾಗುತ್ತದೆ. ಬೆಳಗಾವಿಯ ತಂಪಿನಲ್ಲಿ ಅಂಚಿಗೆ ತಂದು ನಿಲ್ಲಿಸಿದ ಎಂಜಿನ್ ಗೋವೆಯ ಸೆಕೆಯಲ್ಲಿ ಅಂಚು ದಾಟುತ್ತದೆ.

ಟರ್ಬೊ ಪರವಾದ ವಾದ

ಸೂಪರ್‌ಚಾರ್ಜರಿನ ವಿರುದ್ಧದ ಅತ್ಯಂತ ಬಲವಾದ ವಾದ ಟರ್ಬೊದ್ದು. ಹೊಗೆಯ ಜೊತೆ ಹೊರಹೋಗುವ ಶಕ್ತಿಯನ್ನು ಅದು ಬಳಸುತ್ತದೆ. ಎತ್ತರ ಏರಿದಂತೆ ಹೆಚ್ಚು ವೇಗವಾಗಿ ತಿರುಗಿ ನಷ್ಟವನ್ನು ತಾನೇ ತುಂಬಿಕೊಳ್ಳುತ್ತದೆ. ಸಾಲಾದ ಆರು ಸಿಲಿಂಡರುಗಳ ಹೊಗೆಯನ್ನು ಮುಂದಿನ ಮೂರು, ಹಿಂದಿನ ಮೂರು ಎಂದು ಸಮ ಅಂತರದಲ್ಲಿ ಬೇರ್ಪಡಿಸಬಹುದಾದ್ದರಿಂದ ಟರ್ಬೊಗೆ ಅದಕ್ಕಿಂತ ಹೊಂದುವ ಎಂಜಿನ್ ಇಲ್ಲ. ಡೀಸೆಲ್ಲಿಗೆ ಈ ವಾದ ಸಂಪೂರ್ಣ ಒಪ್ಪುತ್ತದೆ. ಘಾಟಿ ಹತ್ತುವ ಇಂದಿನ ಲಾರಿ, ಬಸ್ಸುಗಳು ಟರ್ಬೊ ಡೀಸೆಲ್ ಆಗಿರುವುದು ಅದಕ್ಕೇ. ಆದರೆ ಟರ್ಬೊ ಇಲ್ಲದೆ ತಯಾರಾದ ಪೆಟ್ರೋಲ್ ಎಂಜಿನ್ನಿಗೆ ಅದನ್ನು ಕೂರಿಸಲು ಹೊಗೆ ಮ್ಯಾನಿಫೋಲ್ಡ್ ಪೂರ್ತಿ ಹೊಸದಾಗಬೇಕು. 800 ಡಿಗ್ರಿ ಮೀರುವ ಲೋಹ ಬಾನೆಟ್ಟಿನ ಕೆಳಗೆ ಸೇರುತ್ತದೆ. ಸೂಪರ್‌ಚಾರ್ಜರ್ ತಣ್ಣಗಿನ ಬದಿಯಲ್ಲಿ ಮಾತ್ರ ಕೈಯಾಡಿಸುತ್ತದೆ.

ಖಾನಾಪುರ ತಾಲ್ಲೂಕಿನ ಲೋಂಡಾ ಮೂಲಕ ಹಾಯುವ ರೈಲುದಾರಿ ಎರಡರ ಗುಣಗಳೂ ಒಂದರಲ್ಲಿ ಸೇರಿದ ಉದಾಹರಣೆಯನ್ನು ಕೊಡುತ್ತದೆ. ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ ಬ್ರಗಾಂಜಾ ಘಾಟಿನ ಏರು 37ಕ್ಕೆ 1. ಇಲ್ಲಿ ದುಡಿದ ಹುಬ್ಬಳ್ಳಿ ಶೆಡ್ಡಿನ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಡೀಸೆಲ್ ಲೋಕೊಗಳ ಎಂಜಿನ್ ಎರಡು ಹೊಡೆತದ್ದು. ಹೊರಗಿನಿಂದ ಗಾಳಿ ತಳ್ಳದೆ ಅದು ಚಾಲೂ ಕೂಡ ಆಗದು. ಆದ್ದರಿಂದ ಅದರ ಟರ್ಬೊ ಶಕ್ತಿ ನಿಯಂತ್ರಕದ ಕೆಳಗಿನ ನಾಚ್‌ಗಳಲ್ಲಿ ಗಿಯರಿನ ಮೂಲಕ ಕ್ರ್ಯಾಂಕಿನಿಂದಲೇ ತಿರುಗುತ್ತದೆ, ಅಂದರೆ ಸೂಪರ್‌ಚಾರ್ಜರಿನಂತೆ ವರ್ತಿಸುತ್ತದೆ. ಮೇಲಿನ ನಾಚ್‌ಗಳಲ್ಲಿ ಹೊಗೆಯ ಬಲ ಸಾಕಾದಾಗ ಏಕಮುಖ ಕ್ಲಚ್ ಬಿಟ್ಟುಕೊಂಡು ಅದು ಬರೀ ಟರ್ಬೊ ಆಗುತ್ತದೆ. ಕಡಿಮೆ ವೇಗದಲ್ಲಿ ಕ್ರ್ಯಾಂಕಿನ ಆಸರೆ, ಹೆಚ್ಚಿನ ಹೊರೆಯಲ್ಲಿ ಹೊಗೆಯ ಆಸರೆ ಎಂಬ ಈ ವಿಭಜನೆ ಕಾರಿಗೂ ಅನ್ವಯಿಸುತ್ತದೆ.

ಕಾನೂನು ಮತ್ತು ಸದ್ಯದ ಸ್ಥಿತಿ

ಭಾರತದಲ್ಲಿ ನೋಂದಾಯಿತ ಕಾರಿಗೆ ಹೊರಗಿನಿಂದ ಸೂಪರ್‌ಚಾರ್ಜರ್ ಹಾಕಿ ರಸ್ತೆಯಲ್ಲಿ ಓಡಿಸುವುದಕ್ಕೆ ಕಾನೂನಿನ ಅಡ್ಡಿಯಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಬಹುದು. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್6 ಹೊಗೆ ಮಿತಿಗೆ ಅನುಗುಣವಾಗಿ ಪ್ರಮಾಣಿತವಾದ ಎಂಜಿನ್ನಿನ ಗಾಳಿ, ಇಂಧನಗಳನ್ನು ಬದಲಿಸಿದರೆ ಆ ಪ್ರಮಾಣಪತ್ರಕ್ಕೂ ಅರ್ಥ ಉಳಿಯುವುದಿಲ್ಲ. ವಿಮಾ ಕಂಪನಿಯೂ ತಿಳಿಸದ ಮಾರ್ಪಾಡನ್ನು ಮುಂದಿಟ್ಟು ಪರಿಹಾರ ನಿರಾಕರಿಸಬಹುದು. ಇದು ಅತಿಯಾದ ಬಿಗಿ ಎಂಬ ದೂರು ಹವ್ಯಾಸಿಗಳಲ್ಲಿದೆ. ಆದರೆ ಮೇಲೆ ಹೇಳಿದ ಬ್ರೇಕ್ ವಾಲ್ವಿನಂಥ ಒಂದು ಚಿಕ್ಕ ಭಾಗ ತಪ್ಪಿದರೆ ಅಪಾಯ ಎದುರಿನಿಂದ ಬರುವವರಿಗೂ ತಟ್ಟುತ್ತದೆ. ಪರೀಕ್ಷಿಸಿ ಒಪ್ಪಿಗೆ ಕೊಡುವ ಸುಲಭ ವ್ಯವಸ್ಥೆ ಬರುವವರೆಗೆ ನಿರ್ಬಂಧಕ್ಕೆ ಆಧಾರವಿದೆ. ಹೀಗಾಗಿ ಈ ಜೋಡಣೆಗೆ ಉಳಿದಿರುವ ಜಾಗಗಳು ಮುಚ್ಚಿದ ಟ್ರ್ಯಾಕಿನ ಸ್ಪರ್ಧೆ, ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆ ಮತ್ತು ಕಾರ್ಖಾನೆಯಿಂದಲೇ ಸೂಪರ್‌ಚಾರ್ಜರ್ ಹೊತ್ತು ಬಂದ ಕಾರುಗಳ ದುರಸ್ತಿ. 50 ವರ್ಷ ಮೀರಿ ಮೂಲರೂಪದಲ್ಲೇ ಇರುವ ಕಾರುಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಅವಕಾಶವಿದೆ. 1930ರ ದಶಕದ ಸೂಪರ್‌ಚಾರ್ಜರ್ ಕಾರೊಂದರ ಬ್ಲೋವರನ್ನು ಮೂಲದಂತೆ ಜೀರ್ಣೋದ್ಧಾರ ಮಾಡುವುದು ಮಾರ್ಪಾಡಲ್ಲ.

ಕಾರ್ಖಾನೆಗಳಲ್ಲಿಯೂ ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರಿನ ಕಾಲ ಇಳಿಮುಖವಾಗಿದೆ. ಔಡಿ ತನ್ನ 3.0 ಲೀಟರ್ ವಿ6ಗೆ 2016ರ ಸುಮಾರಿಗೆ ಟರ್ಬೊ ಹಾಕಿತು. ಜಾಗ್ವಾರ್ ಲ್ಯಾಂಡ್ ರೋವರ್ 2012ರಿಂದ ಬಳಸಿದ ಸೂಪರ್‌ಚಾರ್ಜರ್ ವಿ6ರ ಬದಲು ಸಾಲಿನ ಆರು ಸಿಲಿಂಡರ್ ಟರ್ಬೊ ಎಂಜಿನ್ನಿಗೆ ಹೊರಳಿತು. ಮರ್ಸಿಡಿಸ್ 2017ರಲ್ಲಿ ಹೊರತಂದ ಎಂ256 ಎಂಬ ಸಾಲಿನ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಟರ್ಬೊ ಜೊತೆಗೆ 48 ವೋಲ್ಟ್ ವಿದ್ಯುತ್ತಿನಿಂದ ತಿರುಗುವ ಪುಟ್ಟ ಸಂಪೀಡಕವಿದೆ. ಟರ್ಬೊ ಇನ್ನೂ ವೇಗ ಪಡೆಯದ ಹೊತ್ತಿನಲ್ಲಿ ಅದು ಗಾಳಿ ತಳ್ಳಿ, ಟರ್ಬೊ ಎದ್ದ ಮೇಲೆ ಸುಮ್ಮನಾಗುತ್ತದೆ. ಈ ಎಂಜಿನ್ನಿಗೆ ಬೆಲ್ಟೇ ಇಲ್ಲ. ಏರ್‌ಕಂಡಿಷನರ್, ನೀರಿನ ಪಂಪುಗಳೂ ವಿದ್ಯುತ್ತಿನಿಂದ ಓಡುತ್ತವೆ.